ಸಿಡಿ ಸುಟ್ಟ ದಿನಗಳು

ಕಳೆದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಲಾಫ್ಟಿನ ಮೂಲೆಯಲ್ಲಿ ಮೂರು ಬೂಟಿನ ಡಬ್ಬಿ ಸಿಕ್ಕವು. ಮನೆಯವಳು ಕೆಳಗೆ ಸ್ಟೂಲ್ ಹಿಡಕೊಂಡು ನಿಂತಿದ್ದಳು. "ಏನ್ ಅದಾವ್ರೀ ಅದರಾಗ?" ಅಂದಳು. ಮುಚ್ಚಳ ತೆಗೆದು ನೋಡಿದರೆ ಬರೀ ಸಿಡಿಗಳು! ಎಣಿಸಿದೆ, ನೂರಾ ಅರವತ್ತೆರಡು. ಎಲ್ಲದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ನನ್ನದೇ ಸೊಟ್ಟ ಅಕ್ಷರ. 'ಬಂಗಾರದ ಮನುಷ್ಯ 1', 'ಬಂಗಾರದ ಮನುಷ್ಯ 2'. ಮೂರನೆಯದು ಇಲ್ಲ. ಯಾಕಿಲ್ಲ ಅನ್ನೋದನ್ನು ಮುಂದೆ ಹೇಳ್ತೀನಿ.

"ಭಂಗಾರದವಗ ಕೊಟ್ಟುಬಿಡ್ರಿ ಅತ್ಲಾಗ" ಅಂದಳು. ಪುಣೆಗೆ ಬಂದು ಇಷ್ಟು ವರ್ಷವಾದರೂ ಈ ಮಾತಿಗೆ ನನಗೆ ನಗು ಬರುತ್ತದೆ. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ, ನಮ್ಮಲ್ಲಿ ಬಂಗಾರ ಅಂದರೆ ಬಂಗಾರ. ಒಂದು ಮಹಾಪ್ರಾಣದ ಅಂತರ ಅಷ್ಟೇ.

ಕೊಡಲಿಲ್ಲ. ಈ ಡಬ್ಬಿಗಳ ಹಿಂದೆ ಒಂದು ಇತಿಹಾಸ ಇದೆ. ನೇರವಾಗಿ ಹೇಳಬೇಕೆಂದರೆ ಕಳ್ಳತನದ ಇತಿಹಾಸ. ಮುಂಬಯಿ, ಪುಣೆ, ಸೊಲ್ಲಾಪುರ, ಅಹಮದಾಬಾದ್ ಎಲ್ಲೇ ಇರಲಿ, ಆ ಕಾಲದಲ್ಲಿ ಹೊರನಾಡಿನಲ್ಲಿ ಮನೆ ಮಾಡಿದ್ದ ನಿಮ್ಮಲ್ಲಿ ಬಹಳ ಜನರ ಲಾಫ್ಟಿನ ಮೇಲೂ ಇಂಥದೊಂದು ಡಬ್ಬಿ ಇರಬಹುದು. ಇಲ್ಲ ಅನ್ನಬೇಡಿ!

ನಾನು ಧಾರವಾಡ ಬಿಟ್ಟು ಖಡಕಿಗೆ ಬಂದದ್ದು 1988ರಲ್ಲಿ. ಖಡಕಿ ಅಂದರೆ ಗೊತ್ತಲ್ಲ, ಬ್ರಿಟಿಷರ ಬಾಯಲ್ಲಿ ಕಿರ್ಕಿ. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯ ಇಂಗ್ಲಿಷರ ಕೈಯಲ್ಲಿ ಸೋತ ಜಾಗ. ಆಮೇಲೆ ದಂಡಿನ ಊರಾಯಿತು. 1869ರಿಂದ ಮದ್ದುಗುಂಡಿನ ಕಾರ್ಖಾನೆ, ಬಾಂಬೆ ಸ್ಯಾಪರ್ಸ್ ಕೇಂದ್ರ, ಡಿಪೋಗಳು, ವರ್ಕ್‌ಶಾಪುಗಳು. ದೇಶದ ಎಲ್ಲ ಭಾಷೆಯವರೂ ನೌಕರಿಗಾಗಿ ಬಂದು ಸೇರಿದ ಊರು. ತಮಿಳರು ಇದ್ದರು, ತೆಲುಗರು ಇದ್ದರು, ನಮ್ಮವರೂ ಇದ್ದರು. ಬಜಾರಿನ ಹಿಂದಿನ ಚಾಳಿನಲ್ಲಿ ಎರಡು ಖೋಲಿ ಹಿಡಿದು ಸಂಸಾರ ಹೂಡಿದೆ.

ಕನ್ನಡ ಸಿನಿಮಾ ನೋಡಬೇಕೆಂದರೆ ಆಗ ದೂರದರ್ಶನವೇ ಗತಿ. ರವಿವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದರು, ಇಂಗ್ಲಿಷ್ ಅಡಿಬರಹದೊಂದಿಗೆ. ಬಂಗಾಳಿ, ಮಲಯಾಳಿ, ಒರಿಯಾ ಎಲ್ಲರ ಪಾಳಿ ಮುಗಿದು ಕನ್ನಡದ ಪಾಳಿ ಬರಬೇಕು. ಬಂದರೂ ಪ್ರಶಸ್ತಿ ಪಡೆದ ಚಿತ್ರವೇ. ಒಳ್ಳೇವೇ ಬಿಡಿ, ಆದರೆ ರಾಜಕುಮಾರ್ ಹಾಡು ಬೇಕಾಗಿದ್ದವರಿಗೆ ಅದರಿಂದ ಹಸಿವು ಹಿಂಗುತ್ತಿರಲಿಲ್ಲ. 1994ರಲ್ಲಿ ಉದಯ ಟಿವಿ ಶುರುವಾಯಿತು. ನಮ್ಮ ಕೇಬಲ್‌ನವನನ್ನು ಕೇಳಿದರೆ "ಹತ್ತು ಮನೆಗೋಸ್ಕರ ಒಂದು ಚಾನೆಲ್ ಹೇಗೆ ಹಾಕಲಿ ಕಾಕಾ?" ಅಂತಿದ್ದ. ಅವನ ಲೆಕ್ಕ ಅವನಿಗೆ.

1996ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಅರವತ್ತು ದಾಟಿದ ಜೀವ. ಮರಾಠಿ ಬಾರದು, ಹಿಂದಿ ಬಾರದು. ನಾನು ಕಾರ್ಖಾನೆಗೆ, ಮನೆಯವಳು ಶಾಲೆಯ ನೌಕರಿಗೆ, ಮಗ ಸಾಲಿಗೆ. ದಿನಕ್ಕೆ ಎಂಟೊಂಬತ್ತು ತಾಸು ಅವ್ವ ಒಬ್ಬಳೇ. ಕಿಟಕಿಯಲ್ಲಿ ಕೂತು ರಸ್ತೆ ನೋಡುವುದೇ ಕೆಲಸ. ಒಂದು ದಿನ ಕೆಲಸದಿಂದ ಬಂದಾಗ, "ಇವತ್ತ ನಾ ಒಂದು ಮಾತೂ ಆಡಿಲ್ಲೋ ತಮ್ಮಾ, ಬಾಯಿ ಆರಿ ಹೋಗ್ಯಾದ" ಅಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅದೇ ಹೊತ್ತಿಗೆ ಭಾರತಕ್ಕೆ ವಿಸಿಡಿ ಬಂತು. ಇದರ ಕಥೆ ಸ್ವಾರಸ್ಯವಾಗಿದೆ, ಸ್ವಲ್ಪ ಹೇಳಿಬಿಡ್ತೀನಿ. ಹಾಡಿನ ಸಿಡಿ 1982ರಲ್ಲೇ ಜಪಾನಿನಲ್ಲಿ ಮಾರಾಟಕ್ಕೆ ಬಂದಿತ್ತು. ಅದೇ ತಟ್ಟೆಯಲ್ಲಿ ಸಿನಿಮಾ ಕೂರಿಸುವ ನಿಯಮಗಳನ್ನು ಫಿಲಿಪ್ಸ್, ಸೋನಿ, ಮಾತ್ಸುಶಿತಾ, ಜೆವಿಸಿ ಸೇರಿ 1993ರಲ್ಲಿ ಗೊತ್ತು ಮಾಡಿದವು. ಅಮೆರಿಕ, ಯುರೋಪಿನವರು ಅದನ್ನು ಅಷ್ಟಾಗಿ ಲೆಕ್ಕಕ್ಕೇ ಹಿಡಿಯಲಿಲ್ಲ, ಅವರ ಮನೆಯಲ್ಲಿ ವಿಸಿಆರ್ ಇತ್ತು. ಎತ್ತಿಕೊಂಡದ್ದು ಚೀನಾ. ಆನ್‌ಹುಯಿ ಪ್ರಾಂತದ ವಾನ್‌ಯಾನ್ ಎಂಬ ಕಂಪನಿ ಅಮೆರಿಕದ ಸಿ-ಕ್ಯೂಬ್ ಚಿಪ್ ಹಾಕಿ ಮನೆಬಳಕೆಯ ಮೊದಲ ವಿಸಿಡಿ ಪ್ಲೇಯರ್ ಮಾಡಿತು. ಅದನ್ನು ನಕಲು ಮಾಡಿದ ನೂರಾರು ಕಂಪನಿಗಳ ನಡುವೆ ವಾನ್‌ಯಾನ್ ಕಾಣೆಯಾಗಿ ಹೋಯಿತು. ನಕಲಿನ ಯಂತ್ರ ಮಾಡಿದವನೇ ನಕಲಿಗೆ ಬಲಿಯಾದ, ನೋಡಿ! ಆ ಚೀನೀ ಪ್ಲೇಯರುಗಳು ಅಗ್ಗವಾಗಿ ಏಷ್ಯಾ ತುಂಬ ಹರಡಿದವು. 2000ದಲ್ಲಿ ಬೋನಸ್ ಬಂದಾಗ ನಾನೂ ಒಂದು ತಂದೆ.

ಚಿತ್ರ ಏನು ಅಂಥ ಚೆನ್ನಾಗಿರುತ್ತಿರಲಿಲ್ಲ. ಅಡ್ಡ 352, ಉದ್ದ 288 ಚುಕ್ಕೆ, ಅಷ್ಟೇ. ಹೊಡೆದಾಟ ಬಂದರೆ ತೆರೆಯ ಮೇಲೆ ಚೌಕ ಚೌಕ ಏಳುತ್ತಿದ್ದವು. ಒಂದು ಡಿಸ್ಕಿನಲ್ಲಿ 74 ನಿಮಿಷ, ದೊಡ್ಡದಾದರೆ 80. ಹಾಗಾಗಿ ಸಿನಿಮಾ ಎಂದರೆ ಎರಡು ಡಿಸ್ಕು, ಎರಡೂವರೆ ತಾಸು ದಾಟಿದ ಹಳೇ ಚಿತ್ರಕ್ಕೆ ಮೂರು. ಅವ್ವ ಎರಡೇ ದಿನದಲ್ಲಿ ಟ್ರೇ ತೆಗೆಯುವುದು, ಡಿಸ್ಕು ಬದಲಿಸುವುದು ಕಲಿತುಬಿಟ್ಟಳು. "ತಾಟು ಹಾಕು" ಅನ್ನುತ್ತಿದ್ದಳು ಸಿಡಿಗೆ.

ಸಿಡಿ ಎಲ್ಲಿಂದ? ಧಾರವಾಡದಿಂದ. ಅವ್ವನ ತಮ್ಮ, ನಮ್ಮ ಸೋದರಮಾವ, ಸುಭಾಷ್ ರಸ್ತೆಯ ಹತ್ತಿರ ಅಂಗಡಿ ಇಟ್ಟಿದ್ದ. 1985ರಲ್ಲಿ ಕ್ಯಾಸೆಟ್ ಲೈಬ್ರರಿ ಅಂತ ತೆಗೆದದ್ದು, ಆಮೇಲೆ ವಿಸಿಡಿ. ದಿನಕ್ಕೆ ಹತ್ತು ರೂಪಾಯಿ ಬಾಡಿಗೆ. ನಾನು ಊರಿಗೆ ಹೋದಾಗಲೆಲ್ಲ ಹತ್ತು ಹನ್ನೆರಡು ಸಿನಿಮಾ ಬ್ಯಾಗಿಗೆ ಹಾಕಿಕೊಂಡು ಬರುತ್ತಿದ್ದೆ. ಬಾಡಿಗೆ ಕೊಡಹೋದರೆ, "ನಮ್ಮಕ್ಕನ ಕಡಿಂದ ರೊಕ್ಕ ತೊಗೋಬೇಕೇನೋ?" ಅಂತಿದ್ದ. ಆದರೆ ಒಂದು ತೊಂದರೆ ಇತ್ತು. ಮುಂದಿನ ಸಲ ಹೋಗುವತನಕ ಆ ಡಿಸ್ಕುಗಳು ಅವನ ಅಂಗಡಿಯಲ್ಲಿ ಇರುತ್ತಿರಲಿಲ್ಲ. ಗಿರಾಕಿ ಕೇಳಿದರೆ ಇಲ್ಲ ಅನ್ನಬೇಕು. ಸ್ವಾರಗೇಟಿನಲ್ಲಿ ಧಾರವಾಡ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದೂ ಉಂಟು.

2002ರಲ್ಲಿ ಮಗನ ಇಂಜಿನಿಯರಿಂಗ್ ಓದಿಗೆ ಅಂತ ಕಂಪ್ಯೂಟರ್ ತಂದೆವು. ಪೆಂಟಿಯಂ ತ್ರೀ, ಇಪ್ಪತ್ತು ಜಿಬಿ ಹಾರ್ಡ್ ಡಿಸ್ಕು. ಬುಧವಾರ ಪೇಟೆಯಲ್ಲಿ ಜೋಡಿಸಿ ಕೊಟ್ಟವನು, "ಇನ್ನು ಸ್ವಲ್ಪ ದುಡ್ಡು ಹಾಕಿದರೆ ರೈಟರ್ ಹಾಕಿಕೊಡ್ತೀನಿ" ಅಂದ. ಓದಿಗೆ ಬೇಕಾಗುತ್ತೆ ಅಂತ ಮಗ ಹೇಳಿದ. ಎಂಥ ಓದು ಅನ್ನೋದು ಆಮೇಲೆ ತಿಳಿಯಿತು!

ಸುಡುವುದು ಅಂತ ಯಾಕೆ ಅಂತಾರೆ? ನಿಜವಾಗಲೂ ಸುಡುವುದೇ. ಕಾರ್ಖಾನೆಯಲ್ಲಿ ಆಗುವ ಸಿಡಿಯಲ್ಲಿ ಅಚ್ಚು ಒತ್ತಿ ಸಣ್ಣ ಸಣ್ಣ ಗುಳಿ ಮಾಡಿರುತ್ತಾರೆ, ಮೇಲೆ ಅಲ್ಯೂಮಿನಿಯಂ ಲೇಪ. ಅದನ್ನು ಮನೆಯಲ್ಲಿ ಮಾಡಲಾಗದು. 1988ರಲ್ಲಿ ಜಪಾನಿನ ತಾಯೋ ಯೂಡೆನ್ ಕಂಪನಿಯವರು ಬೇರೆ ದಾರಿ ತೋರಿಸಿದರು. ಗುಳಿಯ ಬದಲು ತಟ್ಟೆಯೊಳಗೆ ಒಂದು ಪದರ ಬಣ್ಣ. ರೈಟರಿನ ಲೇಸರ್ ಬಡಿದ ಕಡೆ ಬಣ್ಣ ಬೆಂದು ಗುರುತು ಬೀಳುತ್ತದೆ. ಓದುವ ಪ್ಲೇಯರಿಗೆ ಅದೂ ಗುಳಿಯ ಹಾಗೇ ಕಾಣುತ್ತದೆ. ಹಸಿರು, ನೀಲಿ, ತಿಳಿ ಹೊಂಬಣ್ಣ ಅಂತ ಖಾಲಿ ಸಿಡಿಗಳು ಬರುತ್ತಿದ್ದವಲ್ಲ, ಅದು ಆ ಬಣ್ಣದ್ದು. ಈ ಮಾತು ನೆನಪಿಡಿ, ಮುಂದೆ ಬೇಕು.

ಸಾಫ್ಟ್‌ವೇರಿನ ಹೆಸರು ನೀರೋ ಬರ್ನಿಂಗ್ ರಾಮ್, ಜರ್ಮನಿಯದ್ದು, 1997ರಲ್ಲಿ ಬಂದದ್ದು. ರೋಮ್ ಪಟ್ಟಣ ಸುಡುವಾಗ ನೀರೋ ಪಿಟೀಲು ಬಾರಿಸಿದ ಅನ್ನೋ ಗಾದೆಯ ಮೇಲಿನ ಶ್ಲೇಷೆ. ಅದರ ಚಿತ್ರದಲ್ಲಿ ಕೊಲೋಸಿಯಂ ಹೊತ್ತಿ ಉರಿಯುತ್ತಿರುತ್ತದೆ. ಪಾಪ, ನೀರೋ ಸತ್ತಾಗ ಕೊಲೋಸಿಯಂ ಕಟ್ಟಲು ಶುರುವೇ ಆಗಿರಲಿಲ್ಲ. ಆ ನೀರೋ ಕೂಡ ನಮ್ಮಲ್ಲಿ ಕಾಪಿಯೇ ಇತ್ತು ಅನ್ನೋದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲ ಸಿಡಿ ಸುಡಲು ಕೂತ ರಾತ್ರಿ ಮನೆಯಲ್ಲಿ ಹೆರಿಗೆ ಕೋಣೆಯ ಹಾಗೆ ಮೌನ. ಕಂಪ್ಯೂಟರ್ ಒಂದು ಕ್ಷಣ ತಡವರಿಸಿ ಲೇಸರಿಗೆ ಮಾಹಿತಿ ಒದಗಿಸದಿದ್ದರೆ ಡಿಸ್ಕು ಕೆಟ್ಟಿತು, ಮತ್ತೆ ಬರೆಯಲು ಬರುವುದಿಲ್ಲ. 2000ದ ಹೊತ್ತಿಗೆ ಸಾನ್ಯೋದವರು ಇದಕ್ಕೆ ಪರಿಹಾರ ಹುಡುಕಿದ್ದರು, ನಮ್ಮ ಅಗ್ಗದ ರೈಟರಿನಲ್ಲಿ ಅದು ಇರಲಿಲ್ಲ. ಹಾಗಾಗಿ ಮೌಸ್ ಮುಟ್ಟುವಂತಿಲ್ಲ, ಬೇರೆ ಏನೂ ತೆರೆಯುವಂತಿಲ್ಲ. ಅವ್ವ ಮಾತ್ರ, "ಅದು ಒಳಗ ಸುಡಾಕತ್ತೈತಿ ಅಂತೀರಿ, ಹೊಗಿ ಬರವಲ್ಲದಲ್ಲ?" ಅಂತ ಕೇಳಿದಳು. ಅದೇ ಹೊತ್ತಿಗೆ ಕರೆಂಟು ಹೋಯಿತು. ಇಪ್ಪತ್ತು ರೂಪಾಯಿ ಗೋತಾ. ಕೆಟ್ಟ ಡಿಸ್ಕುಗಳು ಚಹಾದ ಕಪ್ಪಿನ ಕೆಳಗೆ ಇಡಲು ಬಂದವು. ಒಂದಷ್ಟನ್ನು ಗಣಪತಿ ಮಂಟಪಕ್ಕೆ ಮಿರಿಮಿರಿ ಮಿಂಚಲಿ ಅಂತ ಕಟ್ಟಿದೆವು.

ಇನ್ನೊಂದು ಫಜೀತಿ. ವಿಸಿಡಿಯೊಳಗಿನ ಡಾಟ್ ಫೈಲನ್ನು ಹಾಗೇ ಎಳೆದು ತಂದು ಬೇರೆ ಸಿಡಿಗೆ ಹಾಕಿದರೆ ಕಂಪ್ಯೂಟರಿನಲ್ಲಿ ಓಡುತ್ತದೆ, ಪ್ಲೇಯರಿನಲ್ಲಿ ಓಡುವುದಿಲ್ಲ. ಯಾಕೆ? ಸಾಮಾನ್ಯ ಸಿಡಿಯಲ್ಲಿ ಪ್ರತಿ ತುಣುಕಿನಲ್ಲೂ 2048 ಬೈಟು ಮಾಹಿತಿ, ಜತೆಗೆ ತಪ್ಪಾದರೆ ತಿದ್ದಿಕೊಳ್ಳಲು ಹೆಚ್ಚಿನ ಸಂಕೇತ. ವಿಸಿಡಿಯಲ್ಲಿ ಆ ತಿದ್ದುವ ಸಂಕೇತ ತೆಗೆದುಹಾಕಿ 2324 ಬೈಟು ತುಂಬುತ್ತಾರೆ. ಸಿನಿಮಾದಲ್ಲಿ ಒಂದು ಚುಕ್ಕೆ ಹೋದರೆ ಯಾರು ಕೇಳ್ತಾರೆ ಅನ್ನೋ ಲೆಕ್ಕ. 700 ಎಂಬಿಯ ಡಿಸ್ಕಿನಲ್ಲಿ 800 ಎಂಬಿ ಸಿನಿಮಾ ಕೂರುತ್ತಿದ್ದದ್ದು ಹೀಗೆ. ಮಗ ಎಲ್ಲಿಂದಲೋ ವಿಸಿಡಿ-ಗಿಯರ್ ಅನ್ನೋ ಸಣ್ಣ ಪ್ರೋಗ್ರಾಮ್ ತಂದು ಡಾಟನ್ನು ಎಂಪೆಗ್ ಮಾಡಿ, ನೀರೋದಲ್ಲಿ ವಿಸಿಡಿ ಅಂತಲೇ ಆರಿಸಿ ಬರೆದ ಮೇಲೆ ಪ್ಲೇಯರು ಒಪ್ಪಿಕೊಂಡಿತು.

ಆಮೇಲೆ ಕೈ ನಿಲ್ಲಲಿಲ್ಲ. ಮಾಮಾನ ಡಿಸ್ಕು ಶನಿವಾರ ಬಂದರೆ ರವಿವಾರ ರಾತ್ರಿಯೊಳಗೆ ಕಾಪಿ, ಸೋಮವಾರ ವಾಪಸು. ಖಾಲಿ ಸಿಡಿಯ ಬೆಲೆ ಇಪ್ಪತ್ತರಿಂದ ಹನ್ನೆರಡಕ್ಕೆ, ಅಲ್ಲಿಂದ ಏಳಕ್ಕೆ ಇಳಿಯಿತು. ಐವತ್ತರ ಕಂಬ ತರತೊಡಗಿದೆ. ನಮಗೊಂದು, ಕಾರ್ಖಾನೆಯ ಬಾಗಲಕೋಟೆಯವರಿಗೊಂದು, ದಾಪೋಡಿಯ ವಿಜಾಪುರದ ಮನೆಯವರಿಗೊಂದು. ಬಜಾರಿನ ಉಡುಪಿ ಹೋಟೆಲಿನ ಹುಡುಗರು, ಬಹುಪಾಲು ಕುಂದಾಪುರದ ಕಡೆಯವರು, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಅಟ್ಟದ ಮೇಲೆ ಒಂದೇ ಟಿವಿಯ ಮುಂದೆ ಕೂತು ನೋಡುತ್ತಿದ್ದರು. ಒಬ್ಬ ಹುಡುಗ, ಹದಿನಾರು ಇದ್ದಾನೇನೋ, "ಅಣ್ಣಾ, ಕಥೆ ಎಂಥದ್ದೂ ಆಯ್ತು, ಮಳೆ ಇರುವ ಸಿನಿಮಾ ಇದ್ರೆ ಕೊಡಿ" ಅಂದಿದ್ದ. ಹುಡುಕಿ ಹುಡುಕಿ ಮಲೆನಾಡಿನ ಚಿತ್ರಗಳನ್ನು ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ, ಖಾಲಿ ಸಿಡಿ ನೀವೇ ತನ್ನಿ ಅಷ್ಟೇ ಅಂತಿದ್ದೆ. ಅದರಿಂದ ನಾನು ಕಳ್ಳನಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಬಂಗಾರದ ಮನುಷ್ಯದ ಮೂರನೇ ಡಿಸ್ಕು ಸುಡುವಾಗ ಕೆಟ್ಟಿತು. ಅಷ್ಟರಲ್ಲಿ ಮೂಲ ಡಿಸ್ಕು ಬಸ್ಸು ಹತ್ತಿಯಾಗಿತ್ತು. ಅವ್ವ ಎರಡೇ ಡಿಸ್ಕು ನೋಡಿ ಟಿವಿ ಆರಿಸುತ್ತಿದ್ದಳು. ಮೂರನೆಯದು ಮತ್ತೆ ತರಿಸಿಕೊಡಲೇನು ಅಂದರೆ, "ಬ್ಯಾಡೋ. ನಮ್ಮನ್ಯಾಗ ರಾಜೀವಪ್ಪ ಮನಿ ಬಿಟ್ಟು ಹೋಗೂದs ಇಲ್ಲ" ಅಂದಳು. 1972ರಲ್ಲಿ ಆ ಚಿತ್ರ ಬಂದಾಗ ಧಾರವಾಡದಲ್ಲಿ ಎಷ್ಟು ಸಲ ನೋಡಿದ್ದಳೋ, ಕೊನೆ ಗೊತ್ತಿತ್ತು. ತರಿಸಲಿಲ್ಲ.

2003ರಲ್ಲಿ ಅಕ್ಕನ ಮಗಳ ಮದುವೆ, ಧಾರವಾಡದಲ್ಲಿ. ಗೆಳೆಯರೊಬ್ಬರ ಹ್ಯಾಂಡಿಕ್ಯಾಮ್ ಕಡ ಒಯ್ದಿದ್ದೆ. ಅರಿಶಿಣದ ದಿನ ಹೆಂಗಸರ ನಡುವೆ ಅವ್ವ ಸೋಬಾನ ಹಾಡಿದಳು. ಖಡಕಿಯ ಕಿಟಕಿಯಲ್ಲಿ ಕೂತಿರುತ್ತಿದ್ದ ಅವ್ವ ಅಲ್ಲ ಅದು. ಬೆನ್ನು ನೆಟ್ಟಗಾಗಿತ್ತು, ದನಿ ಏರಿತ್ತು, ಹಿಂದಿನಿಂದ ಐದಾರು ಜನ ಎತ್ತಿಕೊಡುತ್ತಿದ್ದರು. ಸುಮಾರು ಆರು ನಿಮಿಷ ಶೂಟ್ ಮಾಡಿದೆ. ಪುಣೆಗೆ ಬಂದು ಟಿವಿ ಟ್ಯೂನರ್ ಕಾರ್ಡಿನ ಮೂಲಕ ಕಂಪ್ಯೂಟರಿಗೆ ಇಳಿಸಿ, ರಾತ್ರಿಯೆಲ್ಲ ಎಂಪೆಗ್ ಮಾಡಲು ಬಿಟ್ಟು, ವಿಸಿಡಿ ಸುಟ್ಟೆ. ಎರಡು ಪ್ರತಿ. ನಮ್ಮ ಪ್ರತಿಗೆ ಅವ್ವನ ಫೋಟೋ ಪ್ರಿಂಟ್ ಮಾಡಿಸಿ ಗುಂಡಗೆ ಕತ್ತರಿಸಿ ಗೋಂದು ಹಚ್ಚಿ ಅಂಟಿಸಿದೆ. ಕ್ಯಾಮರಾ ಅವರದು, ಕ್ಯಾಸೆಟ್ಟೂ ಅವರದು, ವಾಪಸು ಕೊಟ್ಟೆ. ಅವರು ಅದರ ಮೇಲೆ ಮೊಮ್ಮಗನ ಬಾರಸೆ ತೆಗೆದರಂತೆ. ತಪ್ಪೇನಿಲ್ಲ, ಸಿಡಿ ಆಗಿತ್ತಲ್ಲ!

ಕಾಯ್ದೆಯ ಮಾತು ಬರಲೇಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ವಿಡಿಯೋ ಕ್ಯಾಸೆಟ್ಟಿನ ಕಳ್ಳತನ ಹೆಚ್ಚಾದ ಮೇಲೆ 1984ರಲ್ಲಿ ತಿದ್ದಿ, ಶಿಕ್ಷೆ ಬಿಗಿ ಮಾಡಿದರು. ಆರು ತಿಂಗಳಿನಿಂದ ಮೂರು ವರ್ಷ ಸಜೆ, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ. ಕ್ಯಾಸೆಟ್ಟಿನ ಮೇಲೆ ಯಾರು ಮಾಡಿದ್ದು, ಹಕ್ಕು ಯಾರದ್ದು ಅಂತ ಅಚ್ಚು ಹಾಕಬೇಕು ಅನ್ನುವ ನಿಯಮವೂ ಆಗಲೇ ಬಂದದ್ದು. ಕರ್ನಾಟಕದ 1985ರ ಗೂಂಡಾ ಕಾಯ್ದೆಗೆ ಆಮೇಲೆ ವಿಡಿಯೋ, ಆಡಿಯೋ ಕಳ್ಳರನ್ನು ಸೇರಿಸಿದರು. ಮಹಾರಾಷ್ಟ್ರದವರು ತಮ್ಮ 1981ರ ಇಂಥದ್ದೇ ಕಾಯ್ದೆಗೆ 2009ರಲ್ಲಿ ವಿಡಿಯೋ ಪೈರೇಟುಗಳನ್ನು ಸೇರಿಸಿದರು. ಎಂದರೆ ಧಾರವಾಡದಲ್ಲಿ ನಾನು ಗೂಂಡಾಗಳ ಪಟ್ಟಿಯಲ್ಲಿ, ಖಡಕಿಯಲ್ಲಿ ಹಾತಭಟ್ಟಿಯವರ ಪಟ್ಟಿಯಲ್ಲಿ. ಮಾರಾಟಕ್ಕೆ ಕೂತ ದೊಡ್ಡ ಕುಳಗಳಿಗಾಗಿ ಮಾಡಿದ ಕಾಯ್ದೆ ಅದು, ನಮ್ಮಂಥವರ ಮನೆಗೆ ಯಾರೂ ಬರಲಿಲ್ಲ. ಆದರೆ ನಮ್ಮಂಥ ಮನೆಗಳು ಎಷ್ಟು ಸಾವಿರ ಇದ್ದವು ಅಂತ ನಾನು ಆಗ ಯೋಚಿಸಲಿಲ್ಲ.

ಯೋಚಿಸುವಂತೆ ಮಾಡಿದ್ದು ಮಾಮಾನ ಅಂಗಡಿ. 2005ರ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಅಂಗಡಿಯ ಅರ್ಧ ಶೆಲ್ಫು ಖಾಲಿ, ಉಳಿದರ್ಧದಲ್ಲಿ ಮೊಬೈಲ್ ಕವರು. ಕಾಲೇಜು ಹುಡುಗರು ಒಂದು ಸಿಡಿ ಒಯ್ದು ಹಾಸ್ಟೆಲಿನಲ್ಲಿ ಇಪ್ಪತ್ತು ಮಾಡಿಕೊಳ್ಳುತ್ತಿದ್ದರು. ಹೊಸ ಸಿನಿಮಾ ಬಿಡುಗಡೆಯಾದ ವಾರದಲ್ಲೇ ರಸ್ತೆ ಬದಿ ಮೂವತ್ತು ರೂಪಾಯಿಗೆ. ಕಂಪನಿಯ ಡಿಸ್ಕಿಗೆ ನೂರಕ್ಕೂ ಮೇಲೆ ಕೊಟ್ಟು ತಂದು ಹತ್ತರ ಬಾಡಿಗೆಗೆ ಇಟ್ಟವನು ಎಲ್ಲಿ ಉಳಿಯಬೇಕು? ಮಾಮಾ ಎರಡು ಚಹಾ ತರಿಸಿದ. "ನಿನ್ನ ಮಷೀನು ನಮ್ಮೂರಿಗೂ ಬಂತಲ್ಲಪಾ" ಅಂದ. ಸಿಟ್ಟಿನಿಂದ ಅಲ್ಲ, ಮಳೆ ಬಂತಲ್ಲಪಾ ಅನ್ನೋ ಹಾಗೆ.

"ನಿಮಗ ಗೊತ್ತಿತ್ತೇನು ಮಾಮಾ?" ಅಂದೆ.

"ಶನಿವಾರ ಒಯ್ದದ್ದು ಮಂಗಳವಾರ ಮುಂಜಾನೆ ಬರತೈತಿ. ಹತ್ತು ಸಿನಿಮಾ ಎರಡು ದಿನದಾಗ ನಮ್ಮಕ್ಕ ನೋಡತಾಳೇನೋ? ನಾ ಅಂಗಡ್ಯಾಂವಪಾ."

ಮತ್ತೆ ಆ ವಿಷಯ ಎತ್ತಲಿಲ್ಲ. ಬರುವಾಗ ಉಳಿದಿದ್ದರಲ್ಲಿ ಹಳೇ ಭಕ್ತಿ ಚಿತ್ರಗಳನ್ನೆಲ್ಲ ಕಟ್ಟಿ, "ಅಕ್ಕಗ ಕೊಡು, ವಾಪಸು ಬ್ಯಾಡ" ಅಂತ ಕೈಗಿತ್ತ. ಆ ಶ್ರಾವಣಕ್ಕೆ ಅಂಗಡಿ ಮುಚ್ಚಿತು. ನಾನು ಕಾಪಿ ಮಾಡಿದ್ದರಿಂದಲೇ ಮುಚ್ಚಿತು ಅಂತಲ್ಲ. ಹಾಗಂದರೆ ನನ್ನನ್ನು ನಾನೇ ದೊಡ್ಡವನನ್ನಾಗಿ ಮಾಡಿಕೊಂಡ ಹಾಗೆ. ಆದರೆ ಮುಚ್ಚಿಸಿದ ಸಾವಿರ ಕೈಗಳಲ್ಲಿ ಎರಡು ಅವನ ಅಕ್ಕನ ಮನೆಯವು.

ಆ ನಂತರದ ಕಥೆ ಬೇಗ ಹೇಳಿ ಮುಗಿಸ್ತೀನಿ. ಡಿವಿಡಿಗೆ ಬೀಗ ಹಾಕಿದ್ದರು. 1999ರಲ್ಲಿ ನಾರ್ವೆಯ ಯೋನ್ ಯೋಹಾನ್ಸೆನ್ ಎಂಬ ಹದಿನೈದರ ಹುಡುಗ ಮತ್ತು ಅವನ ಜತೆಗಾರರು ಆ ಬೀಗ ತೆಗೆಯುವ ಪ್ರೋಗ್ರಾಮ್ ಬಿಟ್ಟರು. ಮೊಕದ್ದಮೆ ನಡೆದು 2003ರಲ್ಲಿ ಕೆಳಗಿನ ಕೋರ್ಟೂ ಮೇಲಿನ ಕೋರ್ಟೂ ಅವನನ್ನು ಬಿಟ್ಟವು. ತಾನು ಕೊಂಡ ಡಿಸ್ಕು ತಾನು ನೋಡಲು ಬೀಗ ತೆಗೆದರೆ ತಪ್ಪಿಲ್ಲ ಅಂತ. ನಮ್ಮಲ್ಲಿ ಇಂಥ ಬೀಗ ಮುರಿಯುವುದು ಅಪರಾಧ ಅಂತ ಆದದ್ದು 2012ರ ತಿದ್ದುಪಡಿಯಲ್ಲಿ. ಮಗ ಡಿವಿಡಿ ಶ್ರಿಂಕ್ ಹಾಕಿ ಎಂಟೂವರೆ ಜಿಬಿಯನ್ನು ನಾಲ್ಕೂ ಮುಕ್ಕಾಲಿಗೆ ಹಿಂಡುತ್ತಿದ್ದ. ನಾನು ಅಷ್ಟರಲ್ಲಿ ಕೈ ತೊಳೆದುಕೊಂಡಿದ್ದೆ. 2007ರಲ್ಲಿ ಮೋಸರ್ ಬೇಯರ್ ಕಂಪನಿ, ಅದೇ ಖಾಲಿ ಸಿಡಿ ಮಾಡಿ ಬೆಳೆದ ದಿಲ್ಲಿಯ ಕಂಪನಿ, ಸಿನಿಮಾದ ಹಕ್ಕು ಕೊಂಡು ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಮಾರಾಟಕ್ಕೆ ಇಟ್ಟಿತು. ಕಳ್ಳ ಡಿಸ್ಕಿನ ಬೆಲೆಗೆ ಅಸಲಿ! ಮಾಮಾನ ಅಂಗಡಿ ಮುಚ್ಚಿ ಎರಡು ವರ್ಷದ ಮೇಲೆ. ಅದೇ ಹೊತ್ತಿಗೆ ಡಿಟಿಎಚ್ ಬಂದು ಖಡಕಿಯ ಮನೆಯಲ್ಲೂ ಕನ್ನಡ ಚಾನೆಲ್ ಹತ್ತಿದವು. ಅವ್ವ ಒಂದು ವರ್ಷ ಅದನ್ನು ನೋಡಿದಳು. 2008ರಲ್ಲಿ ಹೋದಳು. ಮೋಸರ್ ಬೇಯರ್ ಕೂಡ ದಿವಾಳಿಯಾಗಿ 2018ರಲ್ಲಿ ಮುಚ್ಚುವ ಆದೇಶವಾಯಿತು.

ಈಗ ಡಬ್ಬಿಗೆ ಬರೋಣ. ಮನೆಯಲ್ಲಿ ಸಿಡಿ ಓದುವ ಯಂತ್ರವೇ ಇರಲಿಲ್ಲ. ಮಗ ಆನ್‌ಲೈನಿನಲ್ಲಿ ಒಂದು ಯುಎಸ್‌ಬಿ ಡ್ರೈವ್ ತರಿಸಿದ. ವಾರಗಟ್ಟಲೆ ಒಂದೊಂದೇ ಹಾಕಿ ನೋಡಿದೆ. ನಾನು ಸುಟ್ಟ ನೂರಾ ನಲವತ್ತರಲ್ಲಿ ಪೂರ್ತಿ ಓದಿದ್ದು ಐವತ್ತರ ಆಸುಪಾಸು. ಮಾಮಾ ಕೊಟ್ಟ ಅಸಲಿ ಭಕ್ತಿ ಚಿತ್ರಗಳು ಮಾತ್ರ ಗೀರು ಬಿದ್ದರೂ ಎಲ್ಲವೂ ಓಡಿದವು. ಅಚ್ಚಿನ ಗುಳಿ ಹಾಗೇ ಇರುತ್ತದೆ, ಬಣ್ಣ ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಪತ್ರಾ ಛತ್ತಿನ ಕೆಳಗಿನ ಲಾಫ್ಟು, ಪುಣೆಯ ಏಪ್ರಿಲ್ ಬಿಸಿಲು, ಇಪ್ಪತ್ತು ವರ್ಷ.

ಸಿನಿಮಾ ಹೋದದ್ದಕ್ಕೆ ಹೊಟ್ಟೆ ಉರಿಯಲಿಲ್ಲ. ಅವುಗಳಲ್ಲಿ ಬಹಳಷ್ಟು ಯೂಟ್ಯೂಬಿನಲ್ಲಿ ಇನ್ನೂ ಚೆನ್ನಾಗಿಯೇ ಸಿಗುತ್ತವೆ. ಎದೆ ಧಸಕ್ಕೆಂದದ್ದು ಅವ್ವನ ಫೋಟೋ ಇದ್ದ ಡಿಸ್ಕು ಹಾಕಿದಾಗ. ಡ್ರೈವು ಗರಗರ ತಿರುಗಿ ನಿಂತಿತು. ಡಿಸ್ಕು ಇದೆ ಅಂತಲೇ ಒಪ್ಪಲಿಲ್ಲ. ತೆಗೆದು ಬೆಳಕಿಗೆ ಹಿಡಿದರೆ ಫೋಟೋದ ಅಂಚಿನಲ್ಲಿ ಗೋಂದು ಒಳಗಿಳಿದು ಬೆಳ್ಳಿಯ ಪದರ ಎದ್ದು ಬಂದಿತ್ತು. ಸಿಡಿಯಲ್ಲಿ ಬೆನ್ನ ಕಡೆಯೇ ನಾಜೂಕು, ಹೊಳೆಯುವ ಕಡೆಯಲ್ಲ. ಅಲ್ಲಿ ತೆಳು ವಾರ್ನಿಷಿನ ಕೆಳಗೇ ಎಲ್ಲ ಇರುತ್ತದೆ. ಬಹುಕಾಲ ಉಳಿಯಬೇಕಾದ ಡಿಸ್ಕಿಗೆ ಲೇಬಲ್ ಅಂಟಿಸಬೇಡಿ ಅಂತ ಅಮೆರಿಕದ ಮಾನಕ ಸಂಸ್ಥೆಯವರು ಕೈಪಿಡಿಯಲ್ಲಿ ಬರೆದಿದ್ದಾರೆ. ಬರೆದದ್ದು 2003ರ ಅಕ್ಟೋಬರಿನಲ್ಲಿ. ನಾನು ಗೋಂದು ಹಚ್ಚಿದ್ದು ಅದೇ ವರ್ಷದ ಮೇ ತಿಂಗಳಲ್ಲಿ.

ಇನ್ನೊಂದು ಪ್ರತಿ ಮಾಮಾನಿಗೆ ಕೊಟ್ಟಿದ್ದು ನೆನಪಾಯಿತು. ಫೋನಿನಲ್ಲಿ ಕೇಳಿದರೆ, "ಇರಬೇಕಪಾ, ಟ್ರಂಕಿನಾಗ ನೋಡಬೇಕು. ನೀನs ಬಾ" ಅಂದ. ಬಸ್ಸು ಹತ್ತಿದೆ.

ಧಾರವಾಡದ ದಾರಿಯಲ್ಲಿ ಕೊಲ್ಲಾಪುರ ಬರುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತಯಾರಾದದ್ದು ಈ ಊರಿನ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ. ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಕನ್ನಡ ಮೊದಲ ಸಲ ತೆರೆಯ ಮೇಲೆ ಹೇಗೆ ಮಾತಾಡಿತು ಅಂತ ಈಗ ಯಾರೂ ಕೇಳಲಾರರು. ಆಗ ಯಾರಾದರೂ ಒಂದು ಪ್ರಿಂಟು ಕದ್ದು ಇಟ್ಟಿದ್ದರೆ ಅಂತ ಬಸ್ಸಿನಲ್ಲಿ ಕೂತು ಯೋಚಿಸಿದೆ. ಕಳ್ಳನ ಯೋಚನೆ, ನಿಜ. ಉಳಿಸುವವರು ಸರಿಯಾಗಿ ಉಳಿಸಿದ್ದೂ ಇದೆ. ನಮ್ಮ ಪುಣೆಯ ಲಾ ಕಾಲೇಜು ರಸ್ತೆಯಲ್ಲಿ 1964ರಲ್ಲಿ ಆದ ಫಿಲ್ಮ್ ಆರ್ಕೈವ್ ಇದೆ. ಗಿರೀಶ ಕಾಸರವಳ್ಳಿಯವರ 1977ರ ಘಟಶ್ರಾದ್ಧದ ಮೂಲ ನೆಗೆಟಿವ್ ಅಲ್ಲಿ ಕಾಪಾಡಿಟ್ಟಿದ್ದರಿಂದ ಅದನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಬಂತು. ಅದೇ ಆರ್ಕೈವಿನ ಹಳೇ ನೈಟ್ರೇಟ್ ಫಿಲ್ಮುಗಳು 2003ರ ಜನವರಿಯ ಬೆಂಕಿಯಲ್ಲಿ ಹೋದದ್ದೂ ಉಂಟು. ಒಂದೇ ಕಡೆ ಒಂದೇ ಪ್ರತಿ ಇದ್ದರೆ ಆರ್ಕೈವಿಗೂ ಅದೇ ಗತಿ, ನನ್ನ ಲಾಫ್ಟಿಗೂ ಅದೇ ಗತಿ.

ಮಾಮಾನಿಗೆ ಈಗ ಎಂಬತ್ತು ದಾಟಿದೆ. ಟ್ರಂಕಿನಲ್ಲಿ ಅಂಗಡಿಯ ಹಳೇ ರಜಿಸ್ಟರುಗಳ ನಡುವೆ, ಹಳೇ ಪೇಪರಿನಲ್ಲಿ ಸುತ್ತಿದ ಡಿಸ್ಕು ಸಿಕ್ಕಿತು. ಲೇಬಲ್ ಇಲ್ಲ, ಫೋಟೋ ಇಲ್ಲ. ಅಂಗಡಿಯವನ ಕೈ, ತುದಿ ಹಿಡಿದೇ ಎತ್ತಿಕೊಟ್ಟ. ಲ್ಯಾಪ್‌ಟಾಪಿಗೆ ಡ್ರೈವ್ ಸಿಕ್ಕಿಸಿ ಹಾಕಿದೆ. ಓದಿತು! ಪೂರ್ತಿ ಅಲ್ಲ. ಐಸೋಬಸ್ಟರ್ ಎಂಬ ಪ್ರೋಗ್ರಾಮಿಗೆ ಹಚ್ಚಿ ಬಿಟ್ಟೆ, ಒಂದೊಂದು ತುಣುಕನ್ನೂ ಮತ್ತೆ ಮತ್ತೆ ಓದಿ ರಾತ್ರಿ ಊಟದ ಹೊತ್ತಿಗೆ ಮುಗಿಸಿತು. ಆರು ನಿಮಿಷದಲ್ಲಿ ನಾಲ್ಕು ಚೆನ್ನಾಗಿದೆ. ಆಮೇಲೆ ಮುಖದ ತುಂಬ ಹಸಿರು ಚೌಕ, ದನಿ ಕಡಿದು ಕಡಿದು, ಕೊನೆಗೆ ಸುಮ್ಮನೆ.

ಮಾಮಾ ಕುರ್ಚಿ ಮುಂದೆ ಎಳೆದುಕೊಂಡು ಕೂತ. ಅಕ್ಕನ ಹಾಡು ಮುಗಿಯುವವರೆಗೆ ಏನೂ ಮಾತಾಡಲಿಲ್ಲ. ಮತ್ತೊಮ್ಮೆ ಹಚ್ಚು ಅಂದ. ಮೂರನೇ ಸಲ ಆದ ಮೇಲೆ, "ಇದನ್ನ ಎಲ್ಲಾರಿಗೂ ಒಂದೊಂದು ಕಾಪಿ ಮಾಡಿ ಕೊಡೋ. ಬೆಳಗಾವಿ ತಂಗಿಗೊಂದು, ಹುಬ್ಬಳ್ಳಿಯವರಿಗೊಂದು" ಅಂದ. ಸಿಡಿ ಯಾರ ಮನೆಯಲ್ಲೂ ಓಡುವುದಿಲ್ಲ ಮಾಮಾ ಅಂದೆ. ಅವನ ಮೊಮ್ಮಗಳ ಮೊಬೈಲಿಗೆ ವಾಟ್ಸ್ಯಾಪ್ ಮಾಡಿದೆ.

ಮರುದಿನ ವಾಪಸು ಬರುವಾಗ, ನಿಪ್ಪಾಣಿ ದಾಟಿದ ಮೇಲೆ, ಫೋನ್ ಟಿಣ್ ಅಂತು. ಬೆಳಗಾವಿಯ ಚಿಕ್ಕಮ್ಮನ ಸೊಸೆಯಿಂದ ಒಂದು ವಿಡಿಯೋ. ಇನ್ನಷ್ಟು ಮಸುಕಾಗಿ, ಇನ್ನಷ್ಟು ಚೌಕ ಚೌಕವಾಗಿ, ಅವ್ವ ಸೋಬಾನ ಹಾಡುತ್ತಿದ್ದಳು. ಕೆಳಗೆ ಬರೆದಿದ್ದಳು: "ಅಣ್ಣಾ, ಇದು ಯಾರು ತೆಗೆದಿದ್ದು ಗೊತ್ತಿಲ್ಲ, ನಿಮ್ಮ ಹತ್ರ ಇದೆಯೋ ಇಲ್ಲವೋ ಅಂತ ಕಳಿಸಿದೆ."